ಅಣ್ಣನ ಎಡಗಾಲು

ಬಾಗಲಕೋಟೆಯಲ್ಲಿ ಮಸಾಜ್ ಕೆಲಸ ಕಲಿಸುವ ಒಂದು ಕೇಂದ್ರ ಶುರುವಾಗಿದೆ. ಅಲ್ಲಿ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಓದಲು ಕೊಡಬೇಕು, ನಿಮ್ಮ ಕೆಲಸದ ಬಗ್ಗೆ ಬರೆದುಕೊಡಿ ಎಂದು ಅದನ್ನು ನಡೆಸುವವರು ನನ್ನನ್ನು ಕೇಳಿದರು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಬರೆದದ್ದರ ಕಾಗುಣಿತವನ್ನು, ಕೇಂದ್ರಕ್ಕೆ ಕೊಡುವ ಮೊದಲು, ನಮ್ಮ ಓಣಿಯ ಮಾಸ್ತರರು ತಿದ್ದುತ್ತಾರೆ. ಮಾತು ನನ್ನದೇ.

ಈ ಕೆಲಸದಲ್ಲಿ ಏನು ಸಿಗುತ್ತದೆ, ಎಷ್ಟು ಬೇಗ ಮೇಲೆ ಬರಬಹುದು ಎಂದು ನಾನು ಹೇಳಲಾರೆ. ಮೂವತ್ತೈದು ವರ್ಷ ಜನರ ಮೈ ಮುಟ್ಟಿದ್ದೇನೆ. ಅದರಲ್ಲಿ ಒಂದು ಮೈಯನ್ನು ಮುಟ್ಟಬಾರದಿತ್ತು. ಅದನ್ನು ಹೇಳಲಿಕ್ಕೇ ಬರೆಯಲು ಒಪ್ಪಿಕೊಂಡೆ. ಆದರೆ ನೇರವಾಗಿ ಅಲ್ಲಿಗೆ ಹೋದರೆ ನಿಮಗೆ ಅರ್ಥವಾಗುವುದಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಮ್ಮದು ಹುನಗುಂದ ತಾಲೂಕಿನ ಹಳ್ಳಿ. ಮನೆದೇವರು ಬೀರಪ್ಪ. ಅಪ್ಪ ಕುರಿ ಸಾಕಿದವನು. ನಾವು ಇಬ್ಬರು ಮಕ್ಕಳು: ಅಣ್ಣ ಮಾಳಪ್ಪ, ನಾನು ಸಿದ್ದಪ್ಪ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಊರಿನ ಗರಡಿಯಲ್ಲಿ ಅವನು ಕುಸ್ತಿ ಆಡುತ್ತಿದ್ದ. ನಾನು ಆಡಿದವರ ಮೈಗೆ ಎಣ್ಣೆ ತಿಕ್ಕುತ್ತಿದ್ದೆ. ಎರಡಕ್ಕೂ ಒಬ್ಬರೇ ಗುರು, ಖಾಜಾಸಾಬ ವಸ್ತಾದರು. ಉಳುಕು ತೆಗೆಯುವುದರಲ್ಲಿ, ನರ ಎಳೆದದ್ದನ್ನು ಸರಿ ಮಾಡುವುದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಅವರಂಥ ಕೈ ಇರಲಿಲ್ಲ. ಹೆಬ್ಬೆರಳು ಎಲ್ಲಿ ಇಡಬೇಕು, ಅಂಗೈ ಎಲ್ಲಿ ಇಡಬೇಕು ಎಂದು ನನ್ನ ಕೈ ಹಿಡಿದು ಕಲಿಸಿದರು. ನಾನು ತಿಕ್ಕುತ್ತಾ, "ಇಲ್ಲಿ ನೋಯ್ತದೇನ್ರಿ?" ಎಂದು ಪೈಲವಾನರನ್ನು ಕೇಳಿದರೆ ತಲೆಗೆ ಒಂದು ಬಿಡುತ್ತಿದ್ದರು.

"ಬಾಯಿ ಯಾಕ ಬಿಡ್ತೀಲೇ? ಕೈಗೆ ಕಣ್ಣದಾವ. ಅದ ಹುಡುಕ್ತದ."

ಅದೇ ನನ್ನ ಮೊದಲ ಪಾಠ. ಕೇಳುವವನು ಕಚ್ಚಾ, ಕೇಳದೆ ತಿಳಿಯುವವನು ಪಕ್ಕಾ. ಬಹಳ ವರ್ಷ ಹಾಗೆಯೇ ನಂಬಿದ್ದೆ.

ಮದುವೆಯಾದ ಮೇಲೆ ಇಳಕಲ್ಲಿಗೆ ಬಂದೆ. ಬಸ್ ನಿಲ್ದಾಣದ ಹಿಂದೆ ಒಂದು ಕಟಿಂಗ್ ಅಂಗಡಿ. ಅದರ ಒಳಕೋಣೆಯಲ್ಲಿ ಒಂದು ಬೆಂಚು ಹಾಕಿ ಮಾಲಿಶ್ ಮಾಡುತ್ತಿದ್ದೆ. ಕಲ್ಲಿನ ಕಣಿಯಲ್ಲಿ ದುಡಿಯುವವರು, ಗ್ರಾನೈಟ್ ಕೊರೆಯುವವರು, ಮಗ್ಗದ ಮೇಲೆ ಕೂತು ಸೊಂಟ ಹಿಡಿದವರು ಬರುತ್ತಿದ್ದರು. ಕಲ್ಲಿನ ಧೂಳು ಎಣ್ಣೆಯ ಜೊತೆ ಸೇರಿ ಅವರ ಬೆನ್ನಿನ ಮೇಲೆ ಕೆಂಪು ಕೆಸರಾಗುತ್ತಿತ್ತು. ಮೊದಲು ಒರೆಸಿ ಆಮೇಲೆ ಎಣ್ಣೆ ಹಚ್ಚಬೇಕು ಎಂದು ಹೇಳಿಕೊಡುವವರು ಇರಲಿಲ್ಲ, ಹಾಗೆಯೇ ತಿಕ್ಕಿ ಎಷ್ಟೋ ಜನರ ಚರ್ಮ ಕೆರೆದಿದ್ದೇನೆ.

ಅಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ಹೆಗಲಿನದು. ಕಣಿಯಲ್ಲಿ ಬಿದ್ದ ಒಬ್ಬನನ್ನು ಇಬ್ಬರು ಹಿಡಿದು ತಂದರು. ಹೆಗಲು ಕೆಳಗೆ ಇಳಿದಿತ್ತು. ಕೀಲು ಜಾರಿದೆ ಎಂದು ತಿಳಿದು, ಹ್ಯಾಗೆ ಬಿದ್ದೆ, ಎಲ್ಲಿ ತಾಗಿತು ಎಂದು ಒಂದು ಮಾತೂ ಕೇಳದೆ ಕಂಕುಳಿಗೆ ಹಿಮ್ಮಡಿ ಕೊಟ್ಟು ಎಳೆದುಬಿಟ್ಟೆ. ಅವನು ಕೂಗಿದ ಕೂಗಿಗೆ ಕಟಿಂಗ್ ಅಂಗಡಿಯವನು ಗಿರಾಕಿಯ ಕೆನ್ನೆ ಕೊಯ್ದ. ಮುರಿದದ್ದು ಕೊರಳೆಲುಬು. ನಾನೇ ದವಾಖಾನೆಗೆ ಕರೆದುಕೊಂಡು ಹೋದೆ. ಅವನ ಜೊತೆಗೆ ಬಂದವನು ದಾರಿಯುದ್ದಕ್ಕೂ, "ನೀ ಎತ್ತಿನ ಡಾಕ್ಟರ್ ಏನಲೇ? ಮನಶ್ಯಾರಿಗೆ ಬಾಯಿ ಇರ್ತದ, ಕೇಳಬೇಕು" ಎಂದು ಬೈದ. ಆ ಬೈಗುಳ ನನಗೆ ಆಗ ನಾಟಲಿಲ್ಲ. ಕೈ ಇನ್ನೂ ಪಳಗಿಲ್ಲ ಎಂದಷ್ಟೇ ಅಂದುಕೊಂಡೆ.

ಅಷ್ಟರಲ್ಲಿ ಅಣ್ಣ ಕುಸ್ತಿ ಬಿಟ್ಟು ಡ್ರೈವರ್ ಆಗಿದ್ದ. ಹುನಗುಂದದಲ್ಲಿ ಮನೆ ಮಾಡಿ, ಸ್ವಂತ ಕಾರು ತೆಗೆದುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಬಾದಾಮಿಗೆ ಬರುವ ಪ್ರವಾಸಿಗರನ್ನು ಐಹೊಳೆ, ಪಟ್ಟದಕಲ್ಲಿಗೆ ಒಯ್ಯುವುದು, ಇಲ್ಲಿಯವರನ್ನು ಮಂತ್ರಾಲಯಕ್ಕೆ, ತಿರುಪತಿಗೆ ಒಯ್ಯುವುದು. ಬಾದಾಮಿಯ ಒಂದು ಲಾಡ್ಜಿನಲ್ಲಿ ನನಗೆ ಕೆಲಸ ಹಚ್ಚಿಕೊಟ್ಟವನೂ ಅವನೇ. ರೂಮ್ ಬಾಯ್ ಕೆಲಸ ಎಂದು ಹಚ್ಚಿದ್ದ. ಬಂದ ತಿಂಗಳಲ್ಲೇ, ಮೇಣಬಸದಿ ಗುಹೆಗಳ ಮೆಟ್ಟಿಲು ಹತ್ತಿ ಇಳಿದು ಮೀನಖಂಡ ಹಿಡಿದು ಕೂತ ಒಬ್ಬ ಪುಣೆಯ ಮುದುಕರಿಗೆ ಮಾಲಿಶ್ ಮಾಡಿದೆ. ಅವರು ಲಾಡ್ಜಿನ ಸಾವಕಾರರ ಮುಂದೆ ಹೊಗಳಿದರು. ಹಾಸಿಗೆ ಇಡುವ ಕೋಣೆಯನ್ನು ಸಾವಕಾರರು ಖಾಲಿ ಮಾಡಿಸಿದರು. ಮೊದಲು 'ಮಾಲಿಶ್' ಎಂದು ಹಲಗೆ ಬಂತು. ಎರಡು ವರ್ಷಕ್ಕೆ ಅದು 'ಮಸಾಜ್' ಆಯಿತು. ಆಮೇಲೆ ನೀರು ಸುರಿಯುವ ಒಂದು ಯಂತ್ರ, ಮೂರು ಮೇಣಬತ್ತಿ, ಕಪ್ಪು ಉರುಟು ಕಲ್ಲು ಬಂದವು. ಹಲಗೆಯ ಮೇಲೆ 'ಸ್ಪಾ' ಎಂದಾಯಿತು. ಕೈ ಅದೇ, ಎಣ್ಣೆ ಅದೇ.

ಸ್ಪಾ ಎಂದು ಹೆಸರಾದ ಮೇಲೆ ಎರಡು ಥರದ ಜನ ಬರತೊಡಗಿದರು. ಒಂದು, ಖರೆ ಮೈ ನೋಯುವವರು. ಇನ್ನೊಂದು, ಬಾಗಿಲಲ್ಲಿ ನನ್ನ ಮುಖ ನೋಡಿ, "ಲೇಡೀಜ್ ಇಲ್ಲೇನ್ರಿ?" ಎಂದು ಕೇಳಿ ಹಿಂದಿರುಗುವವರು. ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದಿರಬೇಕು. ನಮ್ಮ ಕೆಲಸದ ಹೆಸರನ್ನು ಬೇರೆಯವರು ಕೆಡಿಸಿದ್ದಾರೆ. ಆ ಕೆಟ್ಟ ಹೆಸರು ನಮ್ಮ ಮನೆಯವರ ಕಿವಿಗೂ ಬೀಳುತ್ತದೆ.

ಪ್ರವಾಸಕ್ಕೆ ಬಂದವರು ಕಡಿಮೆ ದರದಲ್ಲಿ ಒಳ್ಳೆಯ ಮಸಾಜ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ. ತಪ್ಪಲ್ಲ. ಎಲ್ಲರಿಗೂ ದೊಡ್ಡ ರೆಸಾರ್ಟ್ ಎಟುಕುವುದಿಲ್ಲ. ಆದರೆ ಅವರು ಹುಡುಕುವ ರೀತಿ ನೋಡಿ ನನಗೆ ನಗು ಬರುತ್ತಿತ್ತು. ಸೊಲ್ಲಾಪುರದ ಒಬ್ಬರು ಮೊಬೈಲ್ ತೆಗೆದು ಹಿಡಿದು ನಮ್ಮ ಬಾಗಿಲಲ್ಲೇ ಚೌಕಾಶಿಗೆ ನಿಂತರು.

"ಅಲ್ಲಿ ಕೆಳಗ ಒಂದು ತಾಸಿಗೆ ನಿಮ್ಮ ಅರ್ಧಾ ರೇಟ್ ಐತಲ್ರಿ?"

"ಹೌದ್ರಿ. ಅಲ್ಲಿ ತಾಸಿಗೆ ನಲವತ್ತು ನಿಮಿಷ."

"ಹಂಗಂದ್ರ?"

"ಅದರಾಗ ಹತ್ತು ನಿಮಿಷ ನಿಮಗ ಚಪ್ಪಲಿ ಬಿಡಸಿ ಚಾ ಕುಡಸ್ತಾರ."

ಅವರು ನಕ್ಕು ಒಳಗೆ ಬಂದರು. ಹೋಗುವಾಗ, ಬೇರೆ ಊರಲ್ಲಿ ಹ್ಯಾಗೆ ಆರಿಸಬೇಕು ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಆಟೋದವನು ಕರೆದುಕೊಂಡು ಹೋದ ಕಡೆ ಹೋಗಬೇಡಿ. ಅವನ ಪಾಲು ನಿಮ್ಮ ಬಿಲ್ಲಿನಲ್ಲೇ ಇರುತ್ತದೆ. ಮೇಣಬತ್ತಿ ನೋಡಬೇಡಿ, ಟವೆಲ್ ನೋಡಿ: ಬಿಸಿಲಿಗೆ ಒಣಗಿದ ಟವೆಲ್ಲಿಗೆ ಬೇರೆ ವಾಸನೆ. ಎಣ್ಣೆಯ ಸೀಸೆ ಮೂಗಿಗೆ ಹಿಡಿದು ಮೂಸಿ. ಇಡೀ ಮೈ ಬೇಡ, ನಡೆದು ದಣಿದಿದ್ದರೆ ಕಾಲು ಪಾದ ಸಾಕು ಎಂದು ಹೇಳಿ. ಅದಕ್ಕೆ ಒಪ್ಪದ ಜಾಗ ಸರಿಯಿಲ್ಲ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಮೈಯ ಬಗ್ಗೆ ಒಂದು ಮಾತೂ ಕೇಳದೆ ಎಣ್ಣೆ ಸುರಿಯುವವನು ಎಷ್ಟು ಅಗ್ಗಕ್ಕೆ ಮಾಡಿದರೂ ಎದ್ದು ಬನ್ನಿ.

ಈ ಕೊನೆಯ ಮಾತನ್ನು ನನಗೆ ಕಲಿಸಿದವರು ಶೈಲಜಾ ಮೇಡಂ. ಧಾರವಾಡದಲ್ಲಿ ಫಿಜಿಯೋಥೆರಪಿ ಓದಿದವರು. ಸಾವಕಾರರು ಅವರನ್ನು ವಾರಕ್ಕೆ ಎರಡು ದಿನ ಬಂದು ನಮ್ಮನ್ನು ತಿದ್ದಲು ಇಟ್ಟುಕೊಂಡರು. ಬಂದ ಮೊದಲ ದಿನವೇ ನನ್ನ ಜೊತೆ ಜಗಳ. ಅದಕ್ಕೆ ಕಾರಣ ಹೈದರಾಬಾದಿನ ಒಬ್ಬ ಯುವಕ. ದಿನವಿಡೀ ಅಂಗಿ ಇಲ್ಲದೆ ಬಂಡೆ ಹತ್ತಿ ಬೆನ್ನು ಸುಟ್ಟುಕೊಂಡಿದ್ದ. ನನ್ನ ಕಣ್ಣಿಗೆ ಅದು ಅವನ ಮೈಬಣ್ಣ. ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯನ್ನು ಬೆನ್ನ ಮೇಲೆ ಸುರಿದೆ. ಅವನು ಟವೆಲ್ ಸುತ್ತಿಕೊಂಡು ಲಾಡ್ಜಿನ ಅಂಗಳಕ್ಕೆ ಓಡಿ ನಳದ ಕೆಳಗೆ ಕೂತ. ಗೋಡೆಯ ಮೇಲಿನ ಮಂಗಗಳೂ ಹೆದರಿ ಓಡಿದವು. ಎಲ್ಲರೂ ನಕ್ಕರು, ಮೇಡಂ ನಗಲಿಲ್ಲ.

"ಸಿದ್ದಪ್ಪ, ಅವನನ್ನ ಏನ್ ಕೇಳಿದ್ರಿ?"

"ಏನೂ ಕೇಳಿಲ್ರಿ. ನಮ್ಮ ವಸ್ತಾದರು..."

"ನಿಮ್ಮ ವಸ್ತಾದರ ಹತ್ರ ಬರ್ತಿದ್ದವ್ರು ಪೈಲವಾನರ್ರಿ. ದಿನಾ ನೋಡಿದ ಮೈ. ಇಲ್ಲಿ ಬರಾವ್ರು ನೂರಾರು ಮೈಲು ದೂರದಿಂದ ಬಂದಾವ್ರು. ಅವರ ಮೈಯಾಗ ಏನೈತಿ ನಿಮಗೇನ್ ಗೊತ್ತು?"

ಅವರು ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸಿದರು. ಜ್ವರ ಇದೆಯೇ? ದಿನಾ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ಇತ್ತೀಚೆಗೆ ಬಿದ್ದಿದ್ದೀರಾ, ಆಪರೇಶನ್ ಆಗಿದೆಯೇ? ಬಹಳ ಹೊತ್ತು ಒಂದೇ ಕಡೆ ಕೂತು ಪ್ರಯಾಣ ಮಾಡಿದ್ದೀರಾ, ಒಂದೇ ಕಾಲು ನೋಯುತ್ತದೆಯೇ? ಕೇಳಿದ ಮೇಲೆ ಎರಡೂ ಮೀನಖಂಡದ ಮೇಲೆ ಎರಡು ಅಂಗೈ ಇಟ್ಟು ನೋಡಬೇಕು. ಒಂದು ದಪ್ಪ, ಒಂದು ಬಿಸಿ ಇದ್ದರೆ ಕೈ ತೆಗೆಯಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದರೆ ಆ ಹೆಪ್ಪು ಕಿತ್ತು ಮೇಲೆ ಹೋಗಿ ಪುಪ್ಪುಸಕ್ಕೆ ಅಡ್ಡ ಬೀಳಬಹುದು.

"ಆಗ ಏನಾಗ್ತದ್ರಿ?" ಎಂದು ಕೇಳಿದೆ.

"ಮನಶ್ಯಾ ಹೋಗ್ತಾನ್ರಿ."

ಇದನ್ನು ನಾನು ಕಲಿತೆ. ಕಲಿಯಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿ ಇಲ್ಲ. ಸಾತಾರೆಯಿಂದ ಬಂದ ಒಬ್ಬ ಮಾಸ್ತರರ ಕಾಲಿನ ಮೇಲೆ ಹೀಗೆಯೇ ಅಂಗೈ ಇಟ್ಟಾಗ ಬಲಗಾಲು ಬಿಸಿ ಇತ್ತು. ಬಸ್ಸಿನಲ್ಲಿ ಹತ್ತು ತಾಸು ಕೂತು ಬಂದಿದ್ದರು. ನಾನು ಮುಟ್ಟುವುದಿಲ್ಲ, ದವಾಖಾನೆಗೆ ಹೋಗಿ ಎಂದೆ. ಅವರಿಗೆ ಸಿಟ್ಟು ಬಂತು. ಸ್ಪಾಕ್ಕೆ ಬಂದವನನ್ನು ದವಾಖಾನೆಗೆ ಕಳಿಸುತ್ತಾನೆ ಎಂದು ಸಾವಕಾರರಿಗೆ ದೂರು ಕೊಟ್ಟರು. ನಾನು ಜಗ್ಗಲಿಲ್ಲ. ಬಾಗಲಕೋಟೆಗೆ ಹೋಗಿ ತೋರಿಸಿದರೆ ಹೆಪ್ಪು ಇತ್ತು. ಉಳಿದರು. ಒಂದು ತಿಂಗಳಿಗೆ ಸಾತಾರೆಯಿಂದ ಪೇಢೆಯ ಡಬ್ಬಿ ಬಂತು, ಒಳಗೆ ಹಿಂದಿಯಲ್ಲಿ ಒಂದು ಚೀಟಿ.

ಆ ಡಬ್ಬಿ ಹಿಡಿದು ಹುನಗುಂದಕ್ಕೆ ಅಣ್ಣನ ಮನೆಗೆ ಹೋದೆ. ಯಾಕೆ ಹೋದೆ ಎಂದರೆ ಅಣ್ಣನಿಗೆ ನನ್ನ ಕೆಲಸ ಕಂಡರೆ ಆಗುತ್ತಿರಲಿಲ್ಲ. ಅವನು ಹಚ್ಚಿಕೊಟ್ಟದ್ದು ರೂಮ್ ಬಾಯ್ ಕೆಲಸ. ನಾನು ಆದದ್ದು ಸ್ಪಾದವನು. ಡ್ರೈವರುಗಳು ಕೂಡುವ ಕಡೆ ಆ ಮಾತು ಬಂದರೆ ಅವನಿಗೆ ತಲೆ ತಗ್ಗುತ್ತಿತ್ತು. ಅವನ ಮಗಳು ಸುನೀತಾಳ ನಿಶ್ಚಯದಲ್ಲಿ ಬೀಗರ ಮುಂದೆ, "ಇವ ನನ್ನ ತಮ್ಮ, ಬಾದಾಮ್ಯಾಗ ಹೋಟೆಲ್ ಮ್ಯಾನೇಜರ್" ಎಂದಿದ್ದ. ಬೀಗರು ಪ್ರವಾಸಕ್ಕೆ ಬಂದರೆ ರೂಮ್ ಕೊಡಿಸುತ್ತೀರಾ ಎಂದು ಕೇಳಿದರು. ಕೊಡಿಸುತ್ತೇನೆ ಎಂದು ನಾನೂ ಮ್ಯಾನೇಜರನ ಹಾಗೆ ತಲೆ ಆಡಿಸಿದೆ.

ಅಣ್ಣನಿಗೆ ಒಬ್ಬ ಮನುಷ್ಯನ ಜೀವ ಉಳಿಸಿದ್ದನ್ನು ಹೇಳಬೇಕಿತ್ತು. ಹೇಳಿದೆ. ಅಣ್ಣ ಒಂದು ಪೇಢೆ ಬಾಯಿಗೆ ಹಾಕಿಕೊಂಡು ಹೆಂಡತಿಯನ್ನು ಕರೆದ.

"ರೇಣವ್ವಾ, ಬಾ ಇಲ್ಲೆ. ಮಂದಿ ಕಾಲ ಹಿಡದು ಪೇಢೆ ಗಳಿಸ್ಯಾನ ನಿನ್ನ ಮೈದುನ."

ರೇಣವ್ವ ವೈನಿ, "ಸುಮ್ನಿರ್ರಿ, ಏನ್ ಮಾತಾಡ್ತೀರಿ" ಎಂದಳು. ಅಣ್ಣ ಇನ್ನೊಂದು ಪೇಢೆ ತೆಗೆದುಕೊಂಡ. ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ಇಡೀ ದಾರಿ ಹೊರಗೆ ನೋಡುತ್ತ ಬಂದೆ.

ಅದಾಗಿ ಮೂರು ವಾರಕ್ಕೆ ಅಣ್ಣ ನನ್ನ ಕೋಣೆಗೆ ಬಂದ. ಮಧ್ಯಾಹ್ನದ ಹೊತ್ತು. ಹತ್ತು ವರ್ಷದಲ್ಲಿ ಆ ಬಾಗಿಲು ದಾಟಿದವನಲ್ಲ. ಪ್ರವಾಸಿಗರನ್ನು ಲಾಡ್ಜಿಗೆ ಬಿಟ್ಟು ಹೋಗುವಾಗಲೂ ಕಾರಿನಿಂದಲೇ ಹಾರನ್ ಹಾಕುತ್ತಿದ್ದ. ಅವತ್ತು ಬಂದು ನೀರು ಸುರಿಯುವ ಯಂತ್ರ ನೋಡಿದ, ಕಲ್ಲು ನೋಡಿದ.

"ಏನಲೇ ಇದು, ಕಲ್ಲು ಕಾಸಿ ಬೆನ್ನ ಮ್ಯಾಲ ಇಡ್ತೀಯಂತ? ಇಳಕಲ್ಲಾಗ ಕಲ್ಲು ಹೊತ್ತು ಬೆನ್ನು ಹೋತು ಅಂತಾರ, ಇಲ್ಲಿ ಕಲ್ಲು ಇಟ್ಟು ಬೆನ್ನು ಛಲೋ ಮಾಡ್ತೀರೇನು?"

"ಕುಂದ್ರಣ್ಣಾ. ಚಾ ತರಸ್ತೇನಿ."

"ಚಾ ಬ್ಯಾಡ. ತಿರುಪತಿಗೆ ಹೋಗಿ ಬಂದೇನಿ. ಒಂದ ಸಮನ ಗಾಡಿ ಹೊಡದೇನಿ. ಕಾಲು ಕಟ್ಟಿಗಿ ಆಗ್ಯಾವ. ನೋಡೋಣು, ನಿನ್ನ ಕೈಯಾಗ ಏನೈತಿ." ಅಂಗಿ, ಪ್ಯಾಂಟು ಬಿಚ್ಚಿ ಟವೆಲ್ ಸುತ್ತಿಕೊಂಡು ಮೇಜಿನ ಮೇಲೆ ಬೋರಲು ಮಲಗಿದ.

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು.

ನಮ್ಮ ಮನೆಯಲ್ಲಿ ಹಿರಿಯರ ಕಾಲು ಒತ್ತುವುದು ಸೇವೆ. ಮೊದಲು ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಆಮೇಲೆ ಒತ್ತಬೇಕು. ಒತ್ತುವಾಗ ಮಾತಿಲ್ಲ. ಅಪ್ಪನ ಕಾಲು ಹಾಗೆಯೇ ಒತ್ತಿದೆವು. ಅಣ್ಣನ ಪಾದ ಮುಟ್ಟಿ ನಮಸ್ಕಾರ ಮಾಡಿದ ಮೇಲೆ ಆ ನಾಲ್ಕು ಪ್ರಶ್ನೆ ಬಾಯಿಗೆ ಬಂದವು. ಕೇಳಬೇಕೆಂದು ಬಾಯಿ ತೆರೆದೆ.

"ಅಣ್ಣಾ, ಒಂದ ಕಾಲು ಹೆಚ್ಚಿಗಿ ನೋಯ್ತದೇನು?"

"ಗಿರಾಕಿಗೆ ಕೇಳೂದು ನನಗ ಕೇಳ್ತೀಯೇನಲೇ? ಖಾಜಾಸಾಬರ ಶಿಷ್ಯಾ ಹೌದಿಲ್ಲೋ ನೀ?"

ಉಳಿದ ಪ್ರಶ್ನೆ ಕೇಳಲಿಲ್ಲ. ಎಣ್ಣೆ ಹಚ್ಚಿದೆ. ಎಡಗಾಲಿನ ಮೀನಖಂಡಕ್ಕೆ ಬಂದಾಗ ಅಂಗೈಗೆ ತಿಳಿಯಿತು. ದಪ್ಪ ಇತ್ತು. ಬಿಸಿ ಇತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ತಿಳಿಯಲಿಲ್ಲ ಎಂದು ಬರೆದರೆ ಸುಳ್ಳು ಬರೆದಂತೆ. ಸಾತಾರೆಯ ಮಾಸ್ತರರ ಕಾಲು ನೆನಪಾಯಿತು. ಆಗ ನನ್ನ ಮನಸ್ಸು ಇಷ್ಟು ಲೆಕ್ಕ ಹಾಕಿತು: ಇವನು ಪೈಲವಾನ, ಎಡಗಾಲು ಮೊದಲಿಂದಲೂ ದಪ್ಪ; ಕ್ಲಚ್ ಒತ್ತಿ ಒತ್ತಿ ಬಿಗಿದಿದೆ. ಈಗ ಕೈ ತೆಗೆದು ದವಾಖಾನೆಗೆ ನಡಿ ಎಂದರೆ ಎದ್ದು ಅಂಗಿ ಹಾಕಿಕೊಂಡು, "ಮಂದಿ ಮೈ ತಿಕ್ಕ್ತೀಯ, ಅಣ್ಣನ ಕಾಲು ತಿಕ್ಕಾಕ ಬರಲಿಲ್ಲ" ಎಂದು ಹೋಗುತ್ತಾನೆ. ಮತ್ತೆ ಈ ಬಾಗಿಲಿಗೆ ಬರುವುದಿಲ್ಲ.

ಹೆಬ್ಬೆರಳು ಇಟ್ಟು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಗರಡಿಯ ಪದ್ಧತಿಯಲ್ಲಿ ಜೋರಾಗಿ ಒತ್ತಿದೆ. ಒಂದು ಸಲವಲ್ಲ. ಅವನು ಹಲ್ಲು ಕಚ್ಚಿ, "ಹಾಂ, ಅಲ್ಲೇ, ಅಲ್ಲೇ" ಎಂದ. ಅವನಿಗೆ ನೋವು ಆಗುತ್ತಿತ್ತು, ನನಗೆ ಸಂತೋಷ ಆಗುತ್ತಿತ್ತು. ಕೊನೆಗೆ ಅವನು ನಿದ್ದೆ ಹೋದ. ಎದ್ದಾಗ ಮೇಜಿನ ಮೇಲೆ ಕೂತು ಕಾಲು ಅಲುಗಾಡಿಸಿ ನೋಡಿದ.

"ಛಲೋ ಆತಲೇ ತಮ್ಮಾ. ಖರೆ ಹೇಳ್ತೇನಿ, ನಿನ್ನ ಕೈಯಾಗ ವಸ್ತಾದ ಅದಾನ."

ಆ ಮಾತಿಗಾಗಿ ನಾನು ಹತ್ತು ವರ್ಷ ಕಾದಿದ್ದೆ. ಅವನು ಹೋದ ಮೇಲೆ ಟವೆಲ್ ಮಡಚುತ್ತ ಒಬ್ಬನೇ ನಗುತ್ತಿದ್ದೆ.

ಮರುದಿನ ಬೆಳಿಗ್ಗೆ ವೈನಿ ಫೋನ್ ಮಾಡಿದಳು. ಅಣ್ಣನಿಗೆ ಉಸಿರು ಹತ್ತುತ್ತಿದೆ, ಎದೆ ಹಿಡಿದಿದೆ, ಬಾಗಲಕೋಟೆಗೆ ಒಯ್ಯುತ್ತಿದ್ದೇವೆ. ನಾನು ಬಾದಾಮಿಯಿಂದ ಹೋಗುವಷ್ಟರಲ್ಲಿ ಅಣ್ಣನ ಮೂಗು ಬಾಯಿಗೆ ಆಕ್ಸಿಜನ್ ಹಾಕಿದ್ದರು, ಮೈ ಮೇಲೆ ಕಂಬಳಿ ಇತ್ತು. ಹೃದಯದ್ದೋ, ಕಫದ್ದೋ ಎಂದು ತಪಾಸಣೆ ನಡೆದಿತ್ತು. ಅವತ್ತು ಅಲ್ಲಿ ಮಂದಿ ತುಂಬಿತ್ತು. ವೈನಿ ಔಷಧಿ ತರಲು ಹೋಗಿದ್ದಳು. ಬೆಂಗಳೂರು ಕಡೆಯ ಒಬ್ಬ ಯುವ ಡಾಕ್ಟರು ಕಾಗದ ಹಿಡಿದು ನನ್ನ ಹತ್ತಿರ ಬಂದರು.

"ದೂರ ಪ್ರಯಾಣ ಏನಾದ್ರೂ ಮಾಡಿದ್ರಾ?"

"ಹೌದ್ರಿ. ತಿರುಪತಿಗೆ ಹೋಗಿದ್ದ್ರಿ."

"ಕಾಲಿಗೆ ಬಾವು ಬಂದಿತ್ತಾ? ನೋವಿತ್ತಾ? ಯಾರಾದ್ರೂ ಮಸಾಜ್ ಅದು ಇದು ಮಾಡಿದ್ರಾ?"

ಅವರ ಪ್ರಶ್ನೆ ಮುಗಿಯುವ ಮೊದಲೇ ನನಗೆ ಎಲ್ಲಾ ಗೊತ್ತಾಯಿತು. ಶೈಲಜಾ ಮೇಡಂ ಹೇಳಿದ್ದು ಅಕ್ಷರ ಅಕ್ಷರ ಕಿವಿಯಲ್ಲಿ ಕೇಳಿತು. ಹೌದು ಎಂದರೆ ಯಾರು ಮಾಡಿದರು ಎಂದು ಕೇಳುತ್ತಾರೆ. ನಾನು ಎನ್ನಬೇಕಾಗುತ್ತದೆ. ವೈನಿ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಅಣ್ಣನ ಕಡೆ ನೋಡಿದೆ. ಅವನು ಎಚ್ಚರ ಇದ್ದ, ನನ್ನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದ್ದರಿಂದ ಮಾತಾಡಲು ಆಗುತ್ತಿರಲಿಲ್ಲ. ತಲೆ ಮಾತ್ರ ಅಲುಗಾಡಿಸಬಹುದಿತ್ತು. ಅಲುಗಾಡಿಸಲಿಲ್ಲ.

"ಇಲ್ರಿ" ಎಂದೆ.

ಡಾಕ್ಟರು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದರು. ಅಣ್ಣ ಕಣ್ಣು ಮುಚ್ಚಿದ. ಅವನು ನನ್ನನ್ನು ಉಳಿಸಿದನೋ, ಸ್ಪಾಕ್ಕೆ ಹೋಗಿದ್ದೆ ಎಂದು ಹೇಳಲು ನಾಚಿದನೋ, ಅವನಿಗೆ ಪ್ರಶ್ನೆಯೇ ಕೇಳಿಸಲಿಲ್ಲವೋ, ನನಗೆ ತಿಳಿಯದು.

ಇಡೀ ಆ ದಿನ ನಾನು ಅಲ್ಲೇ ಇದ್ದೆ. ಡಾಕ್ಟರು ನಾಲ್ಕು ಸಲ ನನ್ನ ಮುಂದೆ ಹಾದುಹೋದರು. ನಾಲ್ಕು ಸಲ ಎದ್ದು ನಿಂತೆ. ನಾಲ್ಕು ಸಲ ಕೂತೆ. ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು ಕಂಬಳಿ ಸರಿಸಿ ಕಾಲು ನೋಡಿ ಸ್ಕ್ಯಾನಿಂಗಿಗೆ ಕಳಿಸಿದರು. ಹೆಪ್ಪು ಸಿಕ್ಕಿತು. ರಕ್ತ ತೆಳು ಮಾಡುವ ಔಷಧಿ ಶುರು ಮಾಡಿದರು. ಮಧ್ಯಾಹ್ನ ಊಟದ ಹೊತ್ತಿಗೆ ಅಣ್ಣ ತೀರಿಕೊಂಡ.

ನಾನು ಹೇಳಿದ್ದರೆ ಹಿಂದಿನ ದಿನವೇ ಆ ಔಷಧಿ ಶುರುವಾಗುತ್ತಿತ್ತು. ಉಳಿಯುತ್ತಿದ್ದನೋ ಇಲ್ಲವೋ. ಒತ್ತಿದ್ದು ಒಂದು ತಪ್ಪು. ಅದನ್ನು ಹುಚ್ಚು ಎನ್ನಿ, ಹಮ್ಮು ಎನ್ನಿ. ಸುಳ್ಳು ಹೇಳಿದ್ದನ್ನು ಏನೆನ್ನುತ್ತೀರೋ ನೀವೇ ಹೇಳಿ.

ಮಣ್ಣು ಮಾಡಿದ ಮೂರನೇ ದಿನ ವೈನಿ ಎಲ್ಲರ ಮುಂದೆ ಅತ್ತು ಹೇಳಿದಳು: "ದವಾಖಾನಿಗೆ ಒಯ್ಯೂ ಹಿಂದಿನ ದಿನ ಸಂಜಿಮುಂದ ಭಾಳ ಖುಷಿಲೇ ಮನಿಗೆ ಬಂದ್ರು. ತಮ್ಮನ ಕಡೆ ಹೋಗಿದ್ದೆ, ಏನ್ ಕೈ ಅದ ಅವಂದು, ವಾರಕ್ಕೊಮ್ಮಿ ಹೋಗಾಂವ ಅಂದ್ರು. ಕಡೀಕ ಅಷ್ಟರ ಸುಖಾ ಕೊಟ್ರಿ ಸಿದ್ದಪ್ಪ ನೀವು." ಆಮೇಲೆ ಪ್ರತಿ ವರ್ಷ ಅಣ್ಣನ ತಿಥಿಗೆ ಹೋದಾಗ ಇದೇ ಮಾತನ್ನು ಹೇಳುತ್ತಿದ್ದಳು. ಮಕ್ಕಳಿಗೂ ಹೇಳುತ್ತಿದ್ದಳು. ಸುನೀತಾ, "ಕಾಕಾ, ನಿಮ್ಮ ಕೈ ಅಪ್ಪಗ ಭಾಳ ಸೇರಿತ್ತಂತ" ಎಂದು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಆರು ವರ್ಷ ಆ ಮನೆಯಲ್ಲಿ ಕೂತು ಊಟ ಮಾಡಿ ಬಂದಿದ್ದೇನೆ. ನನ್ನ ಹೆಂಡತಿಗೂ ಹೇಳಲಿಲ್ಲ.

ಕೆಲಸ ಮಾತ್ರ ನಡೆಯಲಿಲ್ಲ. ಮೀನಖಂಡಕ್ಕೆ ಕೈ ಬಂದರೆ ನಿಂತುಬಿಡುತ್ತಿತ್ತು. ಮೇಲಿಂದ ಮೇಲೆ ಸವರಿ ಬಿಡುತ್ತಿದ್ದೆ. ಗಿರಾಕಿಗಳು ದೂರಿದರು. ಸಾವಕಾರರು ವಯಸ್ಸಾಯಿತು ಎಂದು ತಿಳಿದು ಶಾಲು ಹೊದಿಸಿ ಕಳಿಸಿದರು.

ಹೋದ ವರ್ಷ ಬಾಗಲಕೋಟೆಯ ಆ ಕೇಂದ್ರದವರು ಒಂದು ದಿನ ಮಾತಾಡಲು ಕರೆದರು. ಹುಡುಗರ ಮುಂದೆ ನಾಲ್ಕು ಪ್ರಶ್ನೆ ಹೇಳಿದೆ. ಕೇಳದಿದ್ದರೆ ಏನಾಗುತ್ತದೆ ಎಂದು ತಿಳಿಸಲು ಈ ಕಥೆಯನ್ನೇ ಹೇಳಿದೆ, 'ಒಬ್ಬ ಗಿರಾಕಿ' ಎಂದು. ನಾನು ಮಾಡಿದೆ ಎಂದು ಹೇಳಲಿಲ್ಲ; 'ನಮ್ಮಲ್ಲಿ ಒಬ್ಬ ಕೆಲಸದವ' ಎಂದೆ. ಮುಂದಿನ ಸಾಲಿನಲ್ಲಿ ಗುಳೇದಗುಡ್ಡದ ಒಂದು ಹುಡುಗಿ ಕೂತಿದ್ದಳು. ಕೈ ಎತ್ತಿದಳು.

"ಸರ್, ಆ ಗಿರಾಕಿ ಮನಿಯವ್ರಿಗೆ ಯಾರು ಹೇಳಿದ್ರಿ?"

"ಯಾರೂ ಹೇಳಲಿಲ್ಲವಾ."

"ಹಂಗಾರ ಅವರಿಗೆ ಇನ್ನೂ ಗೊತ್ತಿಲ್ಲೇನ್ರಿ?"

ನೀರು ಬೇಕು ಎಂದು ಹೊರಗೆ ಬಂದೆ.

ಅಲ್ಲಿಂದ ಬಾದಾಮಿಗೆ ಹೋಗುವ ಬಸ್ ಹತ್ತದೆ ಹುನಗುಂದದ ಬಸ್ ಹತ್ತಿದೆ. ವೈನಿ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ತಿಥಿ ಇಲ್ಲದ ದಿನ ನಾನು ಬಂದದ್ದಕ್ಕೆ ಗಾಬರಿಯಾದಳು.

"ಯಾಕ್ರಿ, ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲೋ?"

"ಅದಾರ. ನಿಮಗೊಂದು ಹೇಳೂದೈತಿ ವೈನಿ. ನಡುವ ಮಾತಾಡಬ್ಯಾಡ್ರಿ. ಮಾತಾಡಿದ್ರ ಹೇಳಾಕ ಆಗೂದಿಲ್ಲ."

ಹೇಳಿದೆ. ಕಾಲು ಬಿಸಿ ಇದ್ದದ್ದು, ಗೊತ್ತಾದದ್ದು, ಗೊತ್ತಾಗಿಯೂ ಒತ್ತಿದ್ದು, ಡಾಕ್ಟರು ಕೇಳಿದ್ದು, ಇಲ್ಲ ಎಂದದ್ದು. ಒಂದನ್ನೂ ಬಿಡಲಿಲ್ಲ. ಅವಳು ಮೊರ ಕೆಳಗಿಟ್ಟಳು. ಆಮೇಲೆ ಕೇಳಿದಳು.

"ಅವತ್ತ ಹೇಳಿದ್ರ ಉಳೀತಿದ್ರೇನು?"

"ಗೊತ್ತಿಲ್ಲ ವೈನಿ. ಉಳೀಬಹುದಿತ್ತು."

"ನನ್ನ ಕಡಿಂದ ಆರು ವರ್ಷ ಹೊಗಳಿಸ್ಕೊಂಡ್ರಲ್ಲ. ಆವಾಗರ ನಿಮಗ ಬಾಯಿ ಬರಲಿಲ್ಲೇನು?"

ಕಾಲಿಗೆ ಬೀಳಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಮುಟ್ಟಬ್ಯಾಡ್ರಿ. ನೀವು ನನ್ನ ಮುಂದ ಹೇಳಿ ಹಗುರಾದ್ರಿ. ನಾ ಯಾರ ಮುಂದ ಹೇಳ್ಲಿ? ಮಕ್ಕಳಿಗೆ ಹೇಳಿದ್ರ ಅವ್ರಿಗೆ ಕಾಕಾನೂ ಇಲ್ಲದಂಗ ಆಗ್ತಾನ. ಹೇಳ್ಲಿಲ್ಲಂದ್ರ ನಾನೂ ನಿಮ್ಮಂಗ ಆಗ್ತೇನಿ."

ಸುನೀತಾ ತವರಿಗೆ ಬಂದಿದ್ದಳು. ಒಳಗಿನಿಂದ ಚಹಾ ಹಿಡಿದು ಬಂದಳು. "ಕಾಕಾ! ಯಾವಾಗ ಬಂದ್ರಿ?" ಎಂದಳು. ವೈನಿ ಮೊರ ಎತ್ತಿಕೊಂಡು, "ಅವ್ರಿಗೆ ಬಸ್ಸಿಗೆ ಹೊತ್ತಾಗೇತಿ, ಚಾ ಕುಡ್ಯೂದಿಲ್ಲ" ಎಂದಳು. ಸುನೀತಾ ಕಪ್ಪು ಹಿಡಿದು ನಮ್ಮಿಬ್ಬರ ಮುಖ ನೋಡುತ್ತ ನಿಂತಳು. ನಾನು ಚಪ್ಪಲಿ ಹಾಕಿಕೊಂಡೆ.

ಕೇಂದ್ರದವರು ಬರೆದುಕೊಡಿ ಎಂದು ಮತ್ತೆ ಕೇಳಿದಾಗ ವೈನಿಗೆ ಫೋನ್ ಮಾಡಿದೆ. ಖರೆ ಬರೆಯಬೇಕೆಂದಿದ್ದೇನೆ, ಹೆಸರು ಹಾಕಿ ಬರೆಯಬೇಕೆಂದಿದ್ದೇನೆ, ನೀವು ಬೇಡ ಎಂದರೆ ಬರೆಯುವುದಿಲ್ಲ ಎಂದೆ.

"ಬರೀರಿ. ಹುಡುಗ್ರು ಓದ್ಲಿ. ಆದ್ರ ನನ್ನ ಮಕ್ಕಳು ಅದನ್ನ ಮಂದಿ ಕಡಿಂದ ಕೇಳಬಾರದು. ನಾ ಹೇಳೂತನಕ ಯಾರಿಗೂ ಕೊಡಬ್ಯಾಡ್ರಿ."

ಬರೆದು ಮುಗಿಸಿ ಎಂಟು ತಿಂಗಳಾಯಿತು. ಹಾಳೆಗಳು ಪೆಟ್ಟಿಗೆಯಲ್ಲಿದ್ದವು. ಕೇಂದ್ರದವರು ಎರಡು ಸಲ ಬಂದು ಕೇಳಿ ಹೋದರು. ಈ ವರ್ಷ ಅಣ್ಣನ ತಿಥಿಗೆ ನನಗೆ ಕರೆ ಬರಲಿಲ್ಲ.

ನಿನ್ನೆ ಸಂಜೆ ವೈನಿಯ ಫೋನ್ ಬಂತು.

"ಹೇಳೇನಿ" ಎಂದಳು.

"ಮಕ್ಕಳು ಏನಂದ್ರು ವೈನಿ?"

ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತಿತು. ಆಮೇಲೆ ವೈನಿ, "ಇನ್ನ ಕೊಡ್ರಿ" ಎಂದು ಫೋನ್ ಇಟ್ಟಳು.

ಕೊಡುತ್ತಿದ್ದೇನೆ.